ಸಂಕ್ರಾಂತಿ ಕಳೆಯಲಿ

ಜಯರಾಮ ಹೋದನೆಂಬುದು ತಿಳಿದ ದಿನ ಭಾನುವಾರ. ಧನುರ್ಮಾಸ ಹುಟ್ಟಿ ಮೂರು ನಾಲ್ಕು ದಿನವಾಗಿತ್ತಷ್ಟೆ. ಊರ್ಮಿಳಾ ಕತ್ತಲಿರುವಾಗಲೇ ಎದ್ದು, ಪಕ್ಕದ ಬೀದಿಯವರ ಕಾರಿನಲ್ಲಿ ಸನ್ನಿವೇಲಿನ ದೇವಸ್ಥಾನದ ಬೆಳಗಿನ ಪೂಜೆಗೆ ಹೋಗಿದ್ದಳು. ಮಂಡಿನೋವೆಂದು ಮನೆಯಲ್ಲೇ ಉಳಿದ ಶೇಷಗಿರಿ ಅಡಿಗೆಮನೆಯಲ್ಲಿ ಕಾಫಿಗೆ ಹಾಲು ಕಾಯಿಸುತ್ತ ನಿಂತಿದ್ದರು. ಭಾನುವಾರ ಆ ಹೊತ್ತಿಗೆ ಫೋನು ಬಂತೆಂದರೆ ಅದು ಸ್ವೀಡನ್ನಿನಿಂದ ತಮ್ಮನದೇ. ಆದ್ದರಿಂದ ಫೋನೆತ್ತಿದವರು ಹಲೋ ಎನ್ನದೆ, "ಏನೋ, ಸೂರ್ಯ ಕಂಡನೇನೋ ಇವತ್ತು?" ಎಂದರು. ಚಳಿಗಾಲದಲ್ಲಿ ಅಣ್ಣತಮ್ಮಂದಿರ ಕುಶಲಪ್ರಶ್ನೆ ಶುರುವಾಗುತ್ತಿದ್ದುದೇ ಹಾಗೆ. ಆ ಕಡೆಯಿಂದ ಒಂದು ಹೆಣ್ಣುದನಿ, ಕತ್ತಲಲ್ಲಿ ಮೆಟ್ಟಿಲಿಳಿಯುವವರು ಕಾಲಿಡುವ ಹಾಗೆ ಒಂದೊಂದೇ ಇಂಗ್ಲಿಷ್ ಮಾತನ್ನು ಜೋಪಾನವಾಗಿ ಇಡುತ್ತ, ತಾನು ಕರಿನ್, ಉಪ್ಸಾಲಾದಲ್ಲಿ ಜಯರಾಮನ ಎದುರುಮನೆಯವಳು ಎಂದಿತು. ಎರಡು ದಿನದಿಂದ ಅವನ ಕಿಟಕಿಯಲ್ಲಿ ದೀಪ ರಾತ್ರಿಯೂ ಆರಲಿಲ್ಲ, ಹಗಲೂ ಆರಲಿಲ್ಲ. ತನ್ನ ಹತ್ತಿರ ಇನ್ನೊಂದು ಬೀಗದಕೈ ಇತ್ತು. ಕುರ್ಚಿಯಲ್ಲೇ ಕೂತಿದ್ದ. ಹೃದಯ ನಿಂತಿದೆ, ನೋವು ಗೊತ್ತಾಗಿರಲಾರದು ಎಂದು ಡಾಕ್ಟರು ಹೇಳಿದರು. ಇಷ್ಟು ಹೇಳಿ, ಇನ್ನೇನು ಹೇಳಬೇಕೋ ತಿಳಿಯದೆ, "ಇಲ್ಲಿ ಆಗಲೇ ಕತ್ತಲಾಯಿತು" ಎಂದಳು. ಶೇಷಗಿರಿ ಅವಳಿಗೆ ಎರಡು ಸಲ ಥ್ಯಾಂಕ್ಯೂ ಹೇಳಿದರು. ಫೋನಿಟ್ಟು ತಿರುಗಿದರೆ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಅವರು ಬಟ್ಟೆ ತೆಗೆದುಕೊಂಡು, ಊರ್ಮಿಳಾ ಬಂದರೆ ಬೈದಾಳೆಂದು, ಬಹಳ ಶ್ರದ್ಧೆಯಿಂದ ಒಲೆ ಒರೆಸಿದರು.

ಸುದ್ದಿ ಕಿವಿಗೆ ಬಿದ್ದೊಡನೆ ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು. ಒಡಹುಟ್ಟಿದವನ ಸಾವು ಎಷ್ಟು ದೂರದಲ್ಲಾದರೂ ಸರಿ, ಕೇಳಿದ ಗಳಿಗೆಯಿಂದ ಸೂತಕ. ದೇವರ ಮುಂದೆ ದೀಪ ಹಚ್ಚುವಂತಿಲ್ಲ, ಪ್ರಸಾದ ಮುಟ್ಟುವಂತಿಲ್ಲ. ಇದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸ್ಯಾನ್ ಹೊಸೆಯ ಸುತ್ತಮುತ್ತ ಯಾರ ಮನೆಯಲ್ಲಿ ಇಂಥ ಫೋನು ಬಂದರೂ ಏನು ಮಾಡಬೇಕೆಂದು ವಿಚಾರಿಸುತ್ತಿದ್ದುದೇ ಅವರನ್ನು. ಬಚ್ಚಲುಮನೆಯ ಬಾಗಿಲವರೆಗೆ ಹೋದರು. ನಲ್ಲಿ ತಿರುಗಿಸಿದರು. ನೀರು ಕೈಗೆ ಬೆಚ್ಚಗೆ ತಾಗಿತು. ಮತ್ತೆ ನಿಲ್ಲಿಸಿಬಿಟ್ಟರು. ಇಷ್ಟು ಹೊತ್ತು ಆದದ್ದೆಲ್ಲ ಇಂಗ್ಲಿಷಿನಲ್ಲಿ ಆಗಿತ್ತು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಯಂತ್ರ ಕೆಟ್ಟದ್ದು, ಬ್ಯಾಂಕಿನವರು ಕರೆದದ್ದು, ಯಾವನೋ ತಪ್ಪು ನಂಬರಿಗೆ ಹೊಡೆದದ್ದು ಎಲ್ಲವೂ ಇಂಗ್ಲಿಷಿನಲ್ಲೇ ಬರುತ್ತಿದ್ದವು, ಹೋಗುತ್ತಿದ್ದವು. ಜಯರಾಮ ತೀರಿಕೊಂಡ ಎಂದು ಈ ಮನೆಯೊಳಗೆ ಕನ್ನಡದಲ್ಲಿ ಇನ್ನೂ ಯಾರೂ ಅಂದಿಲ್ಲ. ಅನ್ನಬೇಕಾದವನು ತಾನು. ತಲೆಯ ಮೇಲೆ ನೀರು ಬಿದ್ದರೆ ಅಂದ ಹಾಗೆಯೇ. ಅವರು ಕಾಲಿಗಷ್ಟೇ ನೀರು ಹಾಕಿಕೊಂಡು ಹೊರಗೆ ಬಂದರು. ಬಂದಮೇಲೆ, ತಾನು ಮಾಡಿದ್ದು ಎಂಥ ಕೆಲಸವೆಂದು ನಾಚಿಕೆಯಾಯಿತು. ಆದರೂ ಮತ್ತೆ ಒಳಗೆ ಹೋಗಲಾಗಲಿಲ್ಲ.

ಸಂಜೆ ಮಿಲ್ಪಿಟಾಸಿನಿಂದ ಮಗ ಅಭಿರಾಮ್, ಸೊಸೆ ಸಿಂಧು, ಮೊಮ್ಮಗಳು ನಿಸರ್ಗಾ ಬರುವವರಿದ್ದರು. ದ್ವೀಪದ ರಜೆಯನ್ನು ಇವತ್ತು ಗೊತ್ತುಮಾಡಿಬಿಡುವುದೆಂದು ಹೋದ ವಾರವೇ ಮಾತಾಗಿತ್ತು. ಈ ರಜೆಯ ಮಾತು ಹುಟ್ಟಿದ್ದೇ ಜಯರಾಮನಿಂದ. ನಾಲ್ಕು ವರ್ಷದ ಹಿಂದೆ ಅವನ ಸ್ವೀಡಿಷ್ ಹೆಂಡತಿ ತೀರಿಕೊಂಡ ಮೇಲೆ ಅಲ್ಲಿನ ಚಳಿಗಾಲ ಅವನಿಗೆ ಉದ್ದವಾಗತೊಡಗಿತ್ತು. ಮಧ್ಯಾಹ್ನ ಮೂರಕ್ಕೆ ಕತ್ತಲೆ, ಬೆಳಿಗ್ಗೆ ಒಂಬತ್ತಾದರೂ ಕತ್ತಲೆ. ಮಂಕು ಕವಿಯುತ್ತದೆಂದು ಹೇಳಿದಾಗ ಡಾಕ್ಟರು ಬಿಸಿಲಿನಂತೆ ಬೆಳ್ಳಗೆ ಉರಿಯುವ ಒಂದು ದೀಪದ ಪೆಟ್ಟಿಗೆ ಕೊಟ್ಟು, ದಿನಾ ಅದರ ಮುಂದೆ ಕೂರಲು ಹೇಳಿದರಂತೆ. "ಅಣ್ಣ, ನೀನು ನನ್ನನ್ನ ನಾಸ್ತಿಕ ಅಂತಿದ್ದೆಯಲ್ಲ, ಈಗ ನೋಡು, ತ್ರಿಕಾಲವೂ ದೀಪದ ಮುಂದೆ ಕೂತಿರ್ತೀನಿ. ಮಂತ್ರ ಒಂದೇ ಬಾಕಿ" ಎಂದು ಸ್ಪೀಕರ್ ಫೋನಿನಲ್ಲಿ ನಕ್ಕಿದ್ದ. ಆ ನಗುವಿನ ಕೊನೆ ಸ್ವಲ್ಪ ಒಡೆದಿತ್ತು. ಅದನ್ನು ಕೇಳಿಸಿಕೊಂಡ ಅಭಿರಾಮ್, ಚಿಕ್ಕಪ್ಪನನ್ನು ಒಂದೆರಡು ವಾರ ಬಿಸಿಲಿರುವ ಕಡೆ ಕರೆದುಕೊಂಡು ಹೋಗೋಣ, ಎಲ್ಲರೂ ಹೋಗೋಣ ಎಂದ. ಎಲ್ಲಿಗೆ? ಇಬ್ಬರಿಗೂ ನಡುವೆ ಇರುವ ಜಾಗ ಹುಡುಕುತ್ತೇನೆಂದು ನಿಸರ್ಗಾ ತನ್ನ ಗ್ಲೋಬಿನ ಮೇಲೆ ಅಜ್ಜಿಯ ಹೂವಿನ ದಾರ ಎಳೆದು, ಮಡಿಸಿ, ನಡುವೆ ಬೆರಳಿಟ್ಟರೆ ಅದು ಗ್ರೀನ್‌ಲ್ಯಾಂಡಿನ ಹಿಮದ ಹತ್ತಿರ ಹೋಗಿ ಕೂತಿತು. "ಅಜ್ಜಾ, ಐ ಡೋಂಟ್ ಥಿಂಕ್ ದೇ ಹ್ಯಾವ್ ಎ ಬೀಚ್" ಎಂದು ಅವಳು ಗಂಭೀರವಾಗಿ ಹೇಳಿದ್ದನ್ನು ಕೇಳಿ ಫೋನಿನ ಆ ಕಡೆ ಜಯರಾಮ ಕೆಮ್ಮು ಬರುವಷ್ಟು ನಕ್ಕಿದ್ದ. ಕೊನೆಗೆ ಬಾರ್ಬಡೋಸ್ ಎಂದು ಆರಿಸಿದವನೂ ಅವನೇ. ಹಾಸನದಲ್ಲಿ ಎದುರುಮನೆಯ ರೇಡಿಯೋಕ್ಕೆ ಕಿವಿಯಾನಿಸಿ ಕ್ರಿಕೆಟ್ ಕೇಳುತ್ತಿದ್ದ ದಿನಗಳಿಂದಲೂ ಆ ಹೆಸರು ಅವನ ಬಾಯಲ್ಲಿತ್ತು. "ಅಂಥಾ ಬೌಲರುಗಳು ಹುಟ್ಟಬೇಕಾದ್ರೆ ಅಲ್ಲಿ ಎಂಥಾ ಬಿಸಿಲಿರಬೇಕು ಅಣ್ಣ!"

ಡಿಸೆಂಬರಿನ ಮೂರನೆಯ ವಾರ ಹೊರಟುಬಿಡೋಣ, ಅದೇ ಇಲ್ಲಿ ತೀರ ಕತ್ತಲ ವಾರ ಎಂದು ಅವನು ಹೇಳಿದ್ದ. ವರ್ಷ ಎರಡು ಸಾವಿರಕ್ಕೆ ಹೊರಳುವಾಗ ಕಂಪ್ಯೂಟರುಗಳಿಗೆ ಏನಾಗುತ್ತದೋ ಎಂಬ ವೈಟೂಕೆ ಭಯಕ್ಕೆ ಅಭಿರಾಮನ ಆಫೀಸಿನಲ್ಲಿ ಯಾರಿಗೂ ರಜೆಯಿರಲಿಲ್ಲ. "ಹಾಗಾದ್ರೆ ಹುಡುಗರು ಆಮೇಲೆ ಬರಲಿ. ನೀನು, ಅತ್ತಿಗೆ, ನಾನು ಮೊದಲು ಹೋಗಿರೋಣ" ಎಂದಿದ್ದ ಜಯರಾಮ. ಊರ್ಮಿಳಾ ಕೂಡ, "ಹೋಗೋಣ ರೀ, ಪಾಪ, ಅಷ್ಟು ಕೇಳ್ತಾನೆ. ಬಿಸಿಲು ಕಾಯಿಸ್ಕೊಳ್ಳೋದಕ್ಕೂ ಪಂಚಾಂಗ ನೋಡ್ಬೇಕಾ?" ಎಂದಿದ್ದಳು. ಶೇಷಗಿರಿಯವರೇ ಒಪ್ಪಲಿಲ್ಲ. ಧನುರ್ಮಾಸ ಶೂನ್ಯಮಾಸ, ಹೊಸದಾಗಿ ಏನನ್ನೂ ಹಿಡಿಯುವ ಕಾಲವಲ್ಲ, ಎಲ್ಲಿಗೂ ಹೊರಡುವ ಕಾಲವಲ್ಲ, ಸಂಕ್ರಾಂತಿ ಕಳೆಯಲಿ, ಸೂರ್ಯ ಉತ್ತರಕ್ಕೆ ತಿರುಗಲಿ, ಆಮೇಲೆ ಹೋಗೋಣ. "ಸಮುದ್ರ ದಾಟಿ ಮೂವತ್ತು ವರ್ಷ ಆಯ್ತಲ್ಲೋ ಅಣ್ಣ, ನಮ್ಮಿಬ್ಬರಿಗೂ ಇನ್ನೆಂಥ ಮುಹೂರ್ತ" ಎಂದ ಅವನು. ಇವರು ಸುಮ್ಮನಿದ್ದರು. ಆ ಸುಮ್ಮನಿರುವಿಕೆ ಅವನಿಗೆ ಚಿಕ್ಕಂದಿನಿಂದ ಗೊತ್ತು. "ಆಗಲಿ, ನೀನು ಹೇಳಿದ ಹಾಗೆ" ಎಂದುಬಿಟ್ಟ. ಈಗ ಅದೇ ವಾರ. ಒಪ್ಪಿದ್ದರೆ ಈ ಭಾನುವಾರ ಅವನು ಮರಳಿನ ಮೇಲೆ ಕಾಲು ಚಾಚಿ ಕೂತಿರಬೇಕಾಗಿತ್ತು. ಸಿಂಧು ಒಳ್ಳೆಯ ಹುಡುಗಿ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವಳಲ್ಲ. ಸುದ್ದಿ ತಿಳಿದೊಡನೆ, ಅಯ್ಯೋ ಪಾಪ, ಡಿಸೆಂಬರಲ್ಲೇ ಹೋಗಿದ್ದಿದ್ರೆ ಎಂದು ಅವಳ ಬಾಯಲ್ಲಿ ಬಂದೇ ಬರುತ್ತದೆ. ಅವಳು ಯಾವ ಸ್ವರದಲ್ಲಿ ಹೇಳುತ್ತಾಳೆಂಬುದು ಕೂಡ ಶೇಷಗಿರಿಯವರಿಗೆ ಕೇಳಿಸುತ್ತಿತ್ತು.

ಒಂಬತ್ತಕ್ಕೆ ಊರ್ಮಿಳಾ ಬಂದಳು. ಸ್ಟೀಲಿನ ಡಬ್ಬಿಯ ಮುಚ್ಚಳ ತೆಗೆದಾಗ ಹುಗ್ಗಿಯ ಮೆಣಸು, ತುಪ್ಪದ ವಾಸನೆ ಅಡಿಗೆಮನೆಯ ತುಂಬ ಎದ್ದಿತು. "ಬಿಸಿ ಇದೆ, ತಿಂದ್ಬಿಡಿ" ಎಂದು ಚಮಚದಲ್ಲಿ ಹಾಕಲು ಬಂದವಳನ್ನು ಶೇಷಗಿರಿ, ಹೊಟ್ಟೆ ಸರಿಯಿಲ್ಲ, ಆಮೇಲೆ ನೋಡೋಣ ಎಂದು ತಡೆದರು. ದೇವಸ್ಥಾನದ ಪ್ರಸಾದ ಬೇಡವೆಂದದ್ದು ಅವರ ಜೀವಮಾನದಲ್ಲಿ ಅದೇ ಮೊದಲು. ಅವಳು ಒಂದು ಗಳಿಗೆ ಅವರ ಮುಖ ನೋಡಿ, "ರಾತ್ರಿ ಬೋಂಡ ತಿನ್ಬೇಡಿ ಅಂದ್ರೆ ಕೇಳ್ಲಿಲ್ಲ" ಎಂದಳು. ಬಳೆ ಸರಿಸಿಕೊಂಡು ಪಾತ್ರೆ ತೊಳೆಯುತ್ತ, ಬೆನ್ನು ಮಾಡಿಯೇ ಮಾತು ಮುಂದುವರಿಸಿದಳು. "ಇವತ್ತು ಜಯರಾಮನ ಹೆಸರಲ್ಲೂ ಒಂದು ಅರ್ಚನೆ ಮಾಡ್ಸಿದೆ. ಅವನ ನಕ್ಷತ್ರ ಉತ್ತರಾಷಾಢ ತಾನೆ? ಅದೇ ಅಂತ ಹೇಳ್ದೆ. ಆಯುರಾರೋಗ್ಯ ಅಂತ ಅರ್ಚಕರು ಎಷ್ಟು ಸ್ಪಷ್ಟವಾಗಿ ಹೇಳಿದ್ರು ಗೊತ್ತಾ?" ಶೇಷಗಿರಿ ಹೂಂ ಎಂದರು. "ಫೋನ್ ಬಂತಾ ಅವಂದು?" ಎಂದಳು. "ಇಲ್ಲ" ಎಂದರು. ಅದು ಸುಳ್ಳಲ್ಲವೆಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಹೇಳಿಕೊಂಡಷ್ಟೂ ಅದು ಸುಳ್ಳಾಗುತ್ತ ಹೋಯಿತು. ಈಗ ಹೇಳಿಬಿಡಬಹುದಾಗಿತ್ತು. ಆದರೆ ತೀರಿಕೊಂಡು ಎರಡು ದಿನವಾದವನಿಗೆ ಆಯುಷ್ಯ ಕೇಳಿ ಬಂದ ಹೆಂಗಸಿನ ಬೆನ್ನಿಗೆ ಅದನ್ನು ಹೇಗೆ ಹೇಳುವುದು? ಮಕ್ಕಳು ಬಂದು ಹೋಗಲಿ, ಆಮೇಲೆ ಎಂದುಕೊಂಡರು. ಸಂಜೆಯವರೆಗೆ ಜಯರಾಮ ಇರುತ್ತಾನೆ.

ಮಧ್ಯಾಹ್ನ ಮನೆಯಲ್ಲಿ ಕೂರಲಾಗದೆ ಮಂಡಿ ಎಳೆಯುತ್ತ ಪಾರ್ಕಿನವರೆಗೆ ನಡೆದರು. ದಾರಿಯಲ್ಲಿ ಫ್ರೀವೇ ದಾಟುವ ಕಡೆ, ಹೆಸರಿನ ಕೊನೆಗೆ ಡಾಟ್ ಕಾಮ್ ಅಂಟಿಸಿಕೊಂಡ ಯಾವುದೋ ಹೊಸ ಕಂಪನಿಯ ದೊಡ್ಡ ಹಲಗೆ. ಅದರಲ್ಲಿ ತೆಂಗಿನ ಮರ, ನೀಲಿ ಸಮುದ್ರ, ಖಾಲಿ ಕುರ್ಚಿ. ಹೋದ ತಿಂಗಳು ಅಲ್ಲಿ ಬೆಕ್ಕಿನ ಆಹಾರದ ಜಾಹೀರಾತಿತ್ತು. ಡಿಸೆಂಬರಾದರೂ ಬಿಸಿಲು ಎಳೆಯದಾಗಿ, ಹಿತವಾಗಿ ಬೆಂಚಿನ ಮೇಲೆ ಬಿದ್ದಿತ್ತು. ಕೂತರು. ಕಣ್ಣು ಮುಚ್ಚಿದರೆ ರೆಪ್ಪೆಯೊಳಗೆಲ್ಲ ಕೆಂಪು. ಹಾಸನದ ಮನೆಯ ಪೂರ್ವದ ಗೋಡೆಗೆ ಚಳಿಗಾಲದಲ್ಲಿ ಬೆಳಗಿನ ಬಿಸಿಲು ಬೀಳುತ್ತಿದ್ದುದು ಒಂದು ಚಾಪೆಯಷ್ಟು ಅಗಲ. ಶಾಲೆಗೆ ಹೊರಡುವ ಮುಂಚೆ ಇಬ್ಬರೂ ಅಲ್ಲಿ ಗೋಡೆಗೊರಗಿ ಕುಕ್ಕರುಗಾಲಲ್ಲಿ ಕೂರುವುದು. ಬಿಸಿಲು ಸರಿದ ಹಾಗೆ ಸರಿಯುವುದು. ಬಿಸಿಲಿನ ನಡುವಿನ ಜಾಗ ಅಣ್ಣನದು. "ಸ್ವಲ್ಪ ಆ ಕಡೆ ಸರಿಯೋ ಅಣ್ಣ, ನನ್ನ ಒಂದೇ ಕೈಗೆ ಬಿಸಿಲು ಬೀಳ್ತಿದೆ." ತಾನು ಸರಿಯುತ್ತಿದ್ದೆನೇ? ನೆನಪಾಗಲಿಲ್ಲ. ಒಳಗಿಂದ ಅಮ್ಮ, ನೀರು ಕಾದಿದೆ ಏಳ್ರೋ ಎಂದು ಕೂಗುತ್ತಿದ್ದಳು. ಮೊದಲು ಯಾರು ಎದ್ದರೂ ಅವನ ಜಾಗ ಇನ್ನೊಬ್ಬನಿಗೆ. ಆದ್ದರಿಂದ ಇಬ್ಬರೂ ಏಳುತ್ತಿರಲಿಲ್ಲ. ಕೊನೆಗೆ ಏಳುತ್ತಿದ್ದವನು ಜಯರಾಮನೇ ಎಂಬುದು ಮಾತ್ರ ನೆನಪಾಯಿತು. ಪಕ್ಕದಲ್ಲಿ ಚೀನಾದ ಮುದುಕರೊಬ್ಬರು ಗಾಳಿಯನ್ನು ನೇವರಿಸುವಂತೆ ನಿಧಾನವಾಗಿ ಕೈಯಾಡಿಸುತ್ತ ವ್ಯಾಯಾಮ ಮಾಡುತ್ತಿದ್ದರು. ಇವರ ಕಡೆ ನೋಡಿ, ಬಿಸಿಲನ್ನು ತೋರಿಸಿ, ಚೆನ್ನಾಗಿದೆಯಲ್ಲವೇ ಎನ್ನುವಂತೆ ತಲೆಯಾಡಿಸಿದರು. ಯಾರದೋ ಮನೆಯಲ್ಲಿ ಕದ್ದು ತಿನ್ನುವಾಗ ಸಿಕ್ಕಿಬಿದ್ದವರ ಹಾಗೆ ಶೇಷಗಿರಿ ಬೆಂಚಿನಿಂದ ಎದ್ದುಬಿಟ್ಟರು. ಹೋಗಿ ಮರದ ನೆರಳಲ್ಲಿ ನಿಂತರು. ನೆರಳಲ್ಲಿ ಚಳಿಯಿತ್ತು. ನಿಲ್ಲಲಾಗುವಷ್ಟು ಹೊತ್ತು ನಿಂತರು.

ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಊರ್ಮಿಳಾ ತಲೆಗೆ ಟವೆಲು ಸುತ್ತಿಕೊಂಡು ಚಪಾತಿ ಲಟ್ಟಿಸುತ್ತಿದ್ದಳು. "ಇದೇನು ಈ ಹೊತ್ತಲ್ಲಿ?" ಎಂದರು. "ತಲೆನೋವಿತ್ತು. ನೀರು ಹಾಕ್ಕೊಂಡೆ" ಎಂದಳು. ದನಿ ನೆಗಡಿಯಾದವರ ಹಾಗಿತ್ತು. ಚಳಿಯಲ್ಲಿ ತಲೆಗೆ ಹಾಕಿಕೊಂಡರೆ ನೆಗಡಿಯಾಗದೆ ಇನ್ನೇನು ಎಂದುಕೊಂಡರು. ದೇವರಮನೆಯ ಎದುರು ಹಾದು ಹೋಗುವಾಗ ಅದರ ಬಾಗಿಲು ಮುಚ್ಚಿತ್ತು. ಸಂಜೆಯ ದೀಪಕ್ಕೆ ಕರೆದರೆ ಏನು ನೆವ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದರು, ಅವಳು ಕರೆಯಲಿಲ್ಲ. ಕೆಲಸದ ಗಡಿಬಿಡಿಯಲ್ಲಿ ಮರೆತಿದ್ದಾಳೆ, ಒಳ್ಳೆಯದೇ ಆಯಿತು ಎಂದುಕೊಂಡು, ಮರೆವನ್ನು ಒಳ್ಳೆಯದೆಂದ ತಮ್ಮ ನಾಲಿಗೆಯನ್ನು ಹಲ್ಲಿನಿಂದ ಒತ್ತಿಕೊಂಡರು.

ಅಷ್ಟರಲ್ಲಿ ಮಕ್ಕಳು ಬಂದರು. ಅಭಿರಾಮ್ ಬಂದವನೇ ನಡುಮನೆಯ ಮೂಲೆಯ ಕಂಪ್ಯೂಟರಿನ ಮುಂದೆ ಕೂತು, ಫೋನಿನ ತಂತಿ ಕಿತ್ತು ಮೋಡೆಮ್ಮಿಗೆ ಸಿಕ್ಕಿಸಿದ. ಅದು ಎಂದಿನಂತೆ ಕಿರುಚಿ, ಕರಕರ ಎಂದು ಸದ್ದು ಮಾಡಿ, ಸುಮ್ಮನಾಯಿತು.

"ಅಪ್ಪ, ಇದನ್ನ ಮ್ಯೂಸಿಯಮ್ಮಿಗೆ ಕೊಡ್ಬೋದು. ಈ ಬೀದೀಲಿ ಡಯಲಪ್ ಇರೋದು ನಿಮ್ಮನೇಲಿ ಮಾತ್ರ. ಡಿಎಸ್‌ಎಲ್ ಹಾಕ್ಸಿ."

"ಅದು ಹಾಕ್ಸಿದ್ರೆ ಏನಾಗುತ್ತೆ?"

"ಇಂಟರ್‌ನೆಟ್ ಇದ್ದಾಗ್ಲೂ ಫೋನ್ ಬರತ್ತೆ."

"ಹಾಗಿದ್ರೆ ಬೇಡ" ಎಂದರು ಶೇಷಗಿರಿ. ಎಲ್ಲರೂ ನಕ್ಕರು. ಅವರೂ ನಕ್ಕರು. ಮೋಡೆಮ್ಮಿನ ಹಸಿರು ದೀಪ ಉರಿಯುತ್ತಿರುವವರೆಗೆ ಪ್ರಪಂಚದ ಯಾವ ಮೂಲೆಯಿಂದಲೂ ಈ ಮನೆಗೆ ಸುದ್ದಿ ಬರುವಂತಿರಲಿಲ್ಲ. ಆ ಸಣ್ಣ ದೀಪವನ್ನೇ ನೋಡುತ್ತ ಅವರು ಸೋಫಾದಲ್ಲಿ ಕೂತರು. ಪರದೆಯ ಮೇಲೆ ರಿಸಾರ್ಟಿನ ಚಿತ್ರ ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯತೊಡಗಿತು: ಮೊದಲು ಆಕಾಶ, ಬಹಳ ಹೊತ್ತು ಬರಿಯ ಆಕಾಶ, ಆಮೇಲೆ ತೆಂಗಿನ ಗರಿ, ಆಮೇಲೆ ನೀರು.

"ಮಾವ, ನಿಮಗೆ ಓಷನ್ ವ್ಯೂ ಬೇಕಾ, ಗಾರ್ಡನ್ ವ್ಯೂ ಸಾಕಾ?" ಎಂದಳು ಸಿಂಧು.

ಊರ್ಮಿಳಾ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ನಮಗೆ ಯಾವುದಾದ್ರೂ ನಡೆಯುತ್ತೆ. ಜಯರಾಮನಿಗೆ ಮಾತ್ರ ಕೆಳಗಿನ ರೂಮೇ ಬೇಕು ಕಣೆ, ಮೆಟ್ಟಿಲು ಹತ್ತಿಸ್ಬೇಡಿ. ಮತ್ತೆ ಪೂರ್ವದ ಕಡೆ ಕಿಟಕಿ ಇರ್ಬೇಕು. ಕಣ್ಣು ಬಿಟ್ಟ ತಕ್ಷಣ ಬಿಸಿಲು ಮುಖದ ಮೇಲೆ ಬೀಳ್ಬೇಕು."

"ಅಮ್ಮ, ವೆಬ್‌ಸೈಟಲ್ಲಿ ಪೂರ್ವ ಪಶ್ಚಿಮ ಎಲ್ಲ ಹಾಕಿರಲ್ಲ. ಅವ್ರೇನು ವಾಸ್ತು ನೋಡಿ ರಿಸಾರ್ಟ್ ಕಟ್ಟಿದಾರಾ?"

"ಕೇಳೋ. ಕೇಳಿದ್ರೆ ಹೇಳ್ತಾರೆ. ಅಲ್ಲಿ ಮೊಸರು ಸಿಗುತ್ತಾ ಅಂತಾನೂ ಕೇಳು. ಊಟದ ಕೊನೇಲಿ ಒಂದು ತುತ್ತು ಮೊಸರನ್ನ ಇಲ್ದಿದ್ರೆ ಅವನಿಗೆ ಊಟ ಮಾಡಿದ ಹಾಗೇ ಆಗಲ್ಲ."

"ಅತ್ತೆ, ಚಿಕ್ಕಮಾವ ಮೂವತ್ತು ವರ್ಷದಿಂದ ಸ್ವೀಡನ್ನಲ್ಲಿ ಮೀನು ತಿಂದ್ಕೊಂಡಿದಾರೆ!"

"ಮೀನು ತಿಂದ್ರೂ ಮೇಲೆ ಮೊಸರನ್ನ ತಿಂತಾನೆ. ನಿನಗೆ ಗೊತ್ತಿಲ್ಲ ಸುಮ್ನಿರು" ಎಂದು ಊರ್ಮಿಳಾ ನಕ್ಕಳು. ಅವಳ ಮುಖದಲ್ಲಿ ಇಷ್ಟು ಉತ್ಸಾಹ ಕಂಡು ಎಷ್ಟು ಕಾಲವಾಗಿತ್ತು! ಇನ್ನೊಂದು ಗಂಟೆಗೆ ಇದನ್ನು ತಾನು ಹೊಸಕಿಹಾಕಬೇಕು. ಏನೂ ತಿಳಿಯದವಳು, ಪಾಪ, ಎಂದುಕೊಂಡರು ಶೇಷಗಿರಿ. ಹಾಗಿದ್ದರೂ ಅವಳು ಇನ್ನಷ್ಟು ಮಾತಾಡಲಿ ಎಂದೇ ಅವರಿಗೆ ಆಸೆ. ಅವಳು ಒಂದೊಂದು ಮಾತಾಡಿದಾಗಲೂ ಜಯರಾಮ ಆ ದ್ವೀಪದ ಮೇಲೆ ಒಂದೊಂದು ಹೆಜ್ಜೆ ಇಡುತ್ತಿದ್ದ. ಕಿಟಕಿ ತೆರೆಯುತ್ತಿದ್ದ, ತಟ್ಟೆ ಮುಂದಿಟ್ಟುಕೊಳ್ಳುತ್ತಿದ್ದ, ಮೊಸರಿಗೆ ಉಪ್ಪು ಸಾಲದೆನ್ನುತ್ತಿದ್ದ.

ನಿಸರ್ಗಾ ಅಜ್ಜನ ಮಂಡಿಗೆ ಆತು ನಿಂತು, "ವಿಲ್ ಸ್ವೀಡನ್ ಅಜ್ಜ ಸ್ವಿಮ್ ವಿತ್ ಮಿ?" ಎಂದಳು.

"ಅವನಿಗೆ ಈಜು ಬರಲ್ಲ ಪುಟ್ಟ" ಎಂದರು.

"ಐ ಕ್ಯಾನ್ ಟೀಚ್ ಹಿಮ್. ಇಟ್ಸ್ ಈಸಿ. ಯು ಜಸ್ಟ್ ಲೆಟ್ ಗೋ."

ಊರ್ಮಿಳಾ ಬಗ್ಗಿ ಮೊಮ್ಮಗಳ ಕೂದಲು ಸರಿಮಾಡುತ್ತ, "ಕಲಿಸು ಪುಟ್ಟ. ಆದ್ರೆ ನೀನು ಕೈ ಬಿಡ್ಬೇಡ" ಎಂದಳು. ಹೇಳಿದವಳು ಬೇಗ ಎದ್ದು, ಒಲೆಯ ಮೇಲೆ ಏನೋ ಇದೆಯೆಂದು ಒಳಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಕೂತ ಜಾಗದಿಂದಲೇ ಅವರಿಗೆ ಅದು ಕಾಣುತ್ತಿತ್ತು.

"ಸರಿ, ಎಲ್ಲಾ ಸೆಟ್" ಎಂದ ಅಭಿರಾಮ್. "ಜನವರಿ ಮೂರನೇ ವೀಕು. ಅಪ್ಪನ ಸಂಕ್ರಾಂತಿನೂ ಆಯ್ತು, ನಮ್ಮ ವೈಟೂಕೇನೂ ಆಯ್ತು. ಹೆಸರುಗಳು ಹಾಕ್ತೀನಿ. ಚಿಕ್ಕಪ್ಪಂದು ಪಾಸ್‌ಪೋರ್ಟಲ್ಲಿ ಹೇಗಿದೆ? ಇನಿಷಿಯಲ್ ಮುಂದೇನಾ, ಹಿಂದೇನಾ?"

ಶೇಷಗಿರಿ ಮೋಡೆಮ್ಮಿನ ಹಸಿರು ದೀಪವನ್ನೇ ನೋಡುತ್ತಿದ್ದರು.

"ಅಪ್ಪ?"

"ನೆನಪಿಲ್ಲಪ್ಪ."

"ಹಾಗಿದ್ರೆ ಲೈನ್ ಕಟ್ ಮಾಡಿ ಒಂದು ಫೋನ್ ಹೊಡೆದು ಕೇಳ್ಬಿಡ್ತೀನಿ."

"ಅಲ್ಲಿ ಈಗ ಅಪರಾತ್ರಿ ಕಣೋ" ಎಂದರು ಶೇಷಗಿರಿ. ದನಿ ತಮ್ಮದಲ್ಲದ ಹಾಗೆ ಕೇಳಿಸಿತು.

"ಅವ್ರಿಗೆ ನಿದ್ದೆ ಎಲ್ಲಿ ಬರತ್ತೆ? ದೀಪ ಹಾಕ್ಕೊಂಡು ಕೂತೇ ಇರ್ತಾರೆ" ಎನ್ನುತ್ತ ಅಭಿರಾಮ್ ಬಗ್ಗಿ ತಂತಿಗೆ ಕೈಹಾಕಿದ. ಮೋಡೆಮ್ಮಿನ ಹಸಿರು ಆರಿತು. ಶೇಷಗಿರಿ ಏಳಲು ನೋಡಿದರು. ಮಂಡಿ ಮೇಲೇಳಲಿಲ್ಲ. ಖಾಲಿ ಮನೆಯಲ್ಲಿ ಫೋನು ಹೊಡೆದುಕೊಳ್ಳುವುದನ್ನು, ಆ ಕುರ್ಚಿಯನ್ನು, ಎದುರು ಆರಿಸಿದ ದೀಪದ ಪೆಟ್ಟಿಗೆಯನ್ನು ಅವರು ಕಂಡರು.

"ಬೇಡ ಅಭಿ" ಎಂದಳು ಊರ್ಮಿಳಾ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಇವತ್ತು ಬೇಡ. ಶೂನ್ಯಮಾಸ. ಸಂಕ್ರಾಂತಿ ಕಳೆಯಲಿ."

"ಬುಕ್ ಮಾಡೋಕೂ ಶೂನ್ಯಮಾಸಾನಾ? ಅಮ್ಮ, ನೀವು ಯಾವಾಗ ಅಪ್ಪನ ಪಾರ್ಟಿ ಸೇರಿದ್ರಿ?"

ಅವಳು ಮಗನಿಗೆ ಉತ್ತರ ಕೊಡದೆ ಗಂಡನ ಹತ್ತಿರ ಬಂದಳು. ಟವೆಲು ತೆಗೆದಿದ್ದಳು. ಕೂದಲು ಇನ್ನೂ ಒದ್ದೆಯಾಗಿ, ಗಂಟು ಹಾಕದೆ, ಬೆನ್ನ ಮೇಲೆ ಬಿದ್ದಿತ್ತು. ಅವಳ ಹಿಂದೆ ದೇವರಮನೆಯ ಮುಚ್ಚಿದ ಬಾಗಿಲ ಸಂದಿಯಲ್ಲಿ ಬೆಳಕಿರಲಿಲ್ಲ. ದಿನವೂ ಈ ಹೊತ್ತಿಗೆ ಅಲ್ಲಿ ಒಂದು ಹಳದಿ ಗೆರೆ ಇರುತ್ತಿತ್ತು.

"ಏಳಿ" ಎಂದಳು ಮೆಲ್ಲಗೆ. "ನೀರು ಕಾದಿದೆ."

ಈ ಮನೆಯಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ. ತಿರುಗಿಸಿದರೆ ಬಿಸಿನೀರು ಬರುತ್ತದೆ, ಹಗಲೂ ರಾತ್ರಿಯೂ, ಇಷ್ಟು ವರ್ಷವೂ. ಶೇಷಗಿರಿ ಅವಳ ಮುಖ ನೋಡಿದರು. ಬಹಳ ಹೊತ್ತು ಅತ್ತು, ತೊಳೆದುಕೊಂಡ ಮುಖ ಅದು. ಅದನ್ನು ನೆಗಡಿಯೆಂದುಕೊಂಡಿದ್ದರು. ತಾನು ಪಾರ್ಕಿನಲ್ಲಿದ್ದಾಗ ಫೋನು ಬಂದಿದೆ. ನಿಮ್ಮ ಗಂಡನಿಗೆ ಬೆಳಿಗ್ಗೆಯೇ ಹೇಳಿದ್ದೇನೆಂದು ಕರಿನ್ ಹೇಳಿಯೇ ಇರುತ್ತಾಳೆ. ತಿಳಿದ ಮೇಲೆ ಇವಳು ಕೇಳಲಿಲ್ಲ, ಜಗಳವಾಡಲಿಲ್ಲ. ಒಬ್ಬಳೇ ತಲೆಯ ಮೇಲೆ ನೀರು ಹಾಕಿಕೊಂಡು, ಹೊರಬಂದು, ಗಂಡನಿಗೆ ಒಂದು ಸಂಜೆ ಬೇಕಾಗಿದೆಯೆಂದು ಕಂಡು, ಜಯರಾಮನಿಗೆ ಪೂರ್ವದ ಕಿಟಕಿ ಕೇಳಿದಳು, ಮೊಸರು ಕೇಳಿದಳು.

"ಅಭಿ" ಎಂದರು. ಎಲ್ಲರೂ ಅವರ ಕಡೆ ತಿರುಗಿದರು. ಬೆಳಗಿನಿಂದ ಬಾಯಲ್ಲೇ ಇದ್ದದ್ದು, ಅಂದುಕೊಂಡಷ್ಟು ದೊಡ್ಡ ಮಾತಾಗಿರಲಿಲ್ಲ. "ನಿನ್ನ ಚಿಕ್ಕಪ್ಪ ತೀರಿಕೊಂಡ. ಬೆಳಿಗ್ಗೆ ತಿಳೀತು."

ಅಭಿರಾಮ್ ತಂತಿ ಹಿಡಿದುಕೊಂಡೇ ಇದ್ದ. ಸಿಂಧು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳು ಹೇಳುತ್ತಾಳೆಂದಿದ್ದ ಮಾತನ್ನು ಅವಳು ಹೇಳಲಿಲ್ಲ. ಕಾದು, ಸಾಕಾಗಿ, ಶೇಷಗಿರಿಯವರೇ ಹೇಳಿದರು. "ಡಿಸೆಂಬರಲ್ಲೇ ಹೋಗೋಣ ಅಂದಿದ್ದ. ನಾನೇ ಸಂಕ್ರಾಂತಿ ಕಳೆಯಲಿ ಅಂದೆ. ಇವತ್ತು ಬಿಸಿಲಲ್ಲಿ ಇರ್ಬೇಕಾಗಿತ್ತು ಅವನು."

"ಇದ್ನಂತೆ ರೀ" ಎಂದಳು ಊರ್ಮಿಳಾ. ನೆಲದ ಮೇಲೆ, ಅವರ ಕಾಲ ಹತ್ತಿರ ಕೂತಳು. "ಬೆಳಿಗ್ಗೆ ನಿಮಗೆ ಹೇಳೋಕೆ ಆ ಕರಿನ್‌ಗೆ ಸಂಕೋಚ ಆಯ್ತಂತೆ. ನನ್ನ ಹತ್ರ ಹೇಳಿದ್ಲು. ಬಾರ್ಬಡೋಸಿಗೆ ಅಂತ ಒಂದು ಹೂವಿನ ಅಂಗಿ ತಗೊಂಡಿದ್ನಲ್ಲ, ಅರ್ಧ ತೋಳಿಂದು? ಅದನ್ನ ಹಾಕ್ಕೊಂಡು, ತಲೆಗೆ ಹುಲ್ಲಿನ ಟೋಪಿ ಇಟ್ಕೊಂಡು, ಕಾಲು ಚಾಚಿ, ಆ ದೀಪದ ಮುಂದೆ ಕೂತಿದ್ನಂತೆ. ಈ ತಿಂಗಳೆಲ್ಲ ದಿನಾ ಹಾಗೇ ಕೂರ್ತಿದ್ನಂತೆ. ಏನಿದು ಅಂದ್ರೆ, ಅಣ್ಣ ಬರೋವರೆಗೂ ಅಭ್ಯಾಸ ಮಾಡ್ಕೊಳ್ತಿದೀನಿ ಅಂತಿದ್ನಂತೆ." ಅವಳಿಗೆ ನಗು ಬಂತು. ಬಂದದ್ದು ನಗುವಾಗಿಯೇ ಉಳಿಯಲಿಲ್ಲ. "ಕಳಿಸೋ ಮುಂಚೆ ಆ ಅಂಗಿ ತೆಗೆದು ಸೂಟು ಹಾಕೋದಾ ಅಂತ ಕೇಳಿದ್ಲು. ಬೇಡಮ್ಮ, ಹಾಗೇ ಕಳಿಸಿ ಅಂದೆ. ಶಾಸ್ತ್ರಕ್ಕೆ ಬಿಳೀದು ಬೇಕೇನೋ. ತಪ್ಪಾಯ್ತಾ?"

ಶಾಸ್ತ್ರಕ್ಕೆ ಬಿಳಿಯದೇ ಬೇಕು. ಬೇರೆ ಯಾರಾದರೂ ಫೋನು ಮಾಡಿ ಕೇಳಿದ್ದರೆ ಶೇಷಗಿರಿ ಹಾಗೆಂದೇ ಹೇಳುತ್ತಿದ್ದರು. "ಇಲ್ಲ" ಎಂದರು. "ಸರಿಯಾಯ್ತು." ಅವಳ ಒದ್ದೆ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಒಂದು ಕಡೆ ಅವಳು, ಒಂದು ಕಡೆ ಅಭಿರಾಮ್ ಹಿಡಿದುಕೊಂಡಾಗ ಮಂಡಿ ಮೇಲೆದ್ದಿತು.

ಬಚ್ಚಲುಮನೆಯಲ್ಲಿ ಅವರು ಸ್ವೆಟರು ತೆಗೆಯಲಿಲ್ಲ, ಪ್ಯಾಂಟು ತೆಗೆಯಲಿಲ್ಲ. ಉಟ್ಟ ಬಟ್ಟೆಯಲ್ಲೇ ಟಬ್ಬಿನೊಳಗೆ ಇಳಿದು, ಗೋಡೆಗೆ ಕೈಕೊಟ್ಟು ನಿಂತು, ನಲ್ಲಿ ತಿರುಗಿಸಿದರು. ನೀರು ನೆತ್ತಿಯ ಮೇಲೆ ಬಿತ್ತು, ಕಿವಿಯೊಳಗೆ ಹೋಯಿತು, ಉಣ್ಣೆಯನ್ನು ತೋಯಿಸಿ ಭಾರ ಮಾಡಿತು. ಹಿತವಾಗಿ ಬೆಚ್ಚಗಿತ್ತು. ಹೇಳಬೇಕಾದ ಮಂತ್ರಗಳೆಲ್ಲ ಅವರಿಗೆ ಬರುತ್ತಿದ್ದವು. ಎಷ್ಟೋ ಮನೆಗಳಲ್ಲಿ ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದರು. ಈಗ ಒಂದೂ ನಾಲಿಗೆಗೆ ಬರಲಿಲ್ಲ. ಅವರು ಕಣ್ಣು ಮುಚ್ಚಿ, ಬಂದ ಮಾತಿನಲ್ಲೇ ಬೇಡಿಕೊಂಡರು.

ನಾರಾಯಣ, ಅವನು ಸಂಕ್ರಾಂತಿಯವರೆಗೆ ಕಾಯಲಿಲ್ಲ. ಕಾಯಿಸಿದವನು ನಾನು. ಲೆಕ್ಕ ನನ್ನ ಹೆಸರಿಗೇ ಇರಲಿ. ಉತ್ತರಾಯಣವಲ್ಲವೆಂದು ಅವನನ್ನು ಬಾಗಿಲಲ್ಲಿ ನಿಲ್ಲಿಸಬೇಡ. ಹೂವಿನ ಅಂಗಿ ತೊಟ್ಟು, ಹುಲ್ಲಿನ ಟೋಪಿ ಇಟ್ಟುಕೊಂಡು ಬರುತ್ತಾನೆ. ಯಾರೆಂದು ಕೇಳಬೇಡ, ಒಳಗೆ ಕರೆದುಕೋ. ನಿನ್ನ ಮನೆಯ ಪೂರ್ವದ ಗೋಡೆಯಲ್ಲಿ ಬಿಸಿಲು ಬೀಳುವ ಕಡೆ ಒಂದು ಚಾಪೆಯಷ್ಟು ಜಾಗ ಕೊಡು. ನಡುವಿನ ಜಾಗ ಕೊಡು. ಏಳು ಎಂದು ಯಾರೂ ಅವನನ್ನು ಕೂಗದಿರಲಿ. ಹೋದವರ ಜೀವ ತಣ್ಣಗಿರಲಿ ಎಂದು ಬೇಡುವುದು ವಾಡಿಕೆ, ತಂದೆ. ನನ್ನ ತಮ್ಮನಿಗೆ ತಣ್ಣಗೆ ಸಾಕಾಗಿದೆ. ಅವನ ಜೀವ ಬೆಚ್ಚಗಿರಲಿ. ಶಾಂತವಾಗಿರಲಿ.